ಏಳನೇ ಜಾರಿನ ಹೆಣ್ಣು ಹುಳುಗಳು

ಹುಳ ಸಾಕುವುದೂ ಒಂದು ನೌಕರಿ ಎಂದು ನನ್ನ ಅತ್ತೆ ಕೊನೆಯವರೆಗೂ ಒಪ್ಪಲಿಲ್ಲ. ಸೊಸೆ ಎಲ್ಲಿ ಕೆಲಸ ಮಾಡುತ್ತಾಳೆ ಎಂದು ಮೈಲೂರಿನ ನಮ್ಮ ಓಣಿಯಲ್ಲಿ ಯಾರಾದರೂ ಕೇಳಿದರೆ ‘ಒಕ್ಕಲುತನದ ಆಫೀಸಿನಾಗ’ ಎಂದಷ್ಟೇ ಹೇಳಿ ಬೇರೆ ಮಾತು ತೆಗೆಯುತ್ತಿದ್ದರು. ಬೀದರಿನ ಆ ಸಣ್ಣ ಕೇಂದ್ರದಲ್ಲಿ ಇಪ್ಪತ್ತೊಂಬತ್ತು ವರ್ಷ ನಾನು ಮಾಡಿದ್ದಿಷ್ಟು: ಬೆಳೆಗೆ ಹತ್ತುವ ಹೇನುಗಳನ್ನು ತಿನ್ನುವ ಗುಲಗಂಜಿ ಹುಳುಗಳನ್ನು ಗಾಜಿನ ಜಾರುಗಳಲ್ಲಿ ಹುಟ್ಟಿಸಿ, ಬೆಳೆಸಿ, ರೈತರ ಹೊಲಕ್ಕೆ ಕಳಿಸಿದೆ. ಈಗ ಇಂಥ ಪ್ರಯೋಗಾಲಯಗಳಿಗೆ ಹೊಸದಾಗಿ ಸೇರುವ ಹುಡುಗಿಯರು ಆಗಾಗ ಫೋನ್ ಮಾಡುತ್ತಾರೆ. ಪುಸ್ತಕದಲ್ಲಿರುವುದನ್ನು ಅವರು ನನಗಿಂತ ಚೆನ್ನಾಗಿ ಓದಿಕೊಂಡಿದ್ದಾರೆ. ಪುಸ್ತಕದಲ್ಲಿಲ್ಲದ್ದನ್ನು ಬರೆದಿಡೋಣವೆಂದು ಕೂತಿದ್ದೇನೆ. ನಾನು ಯಾವಾಗ ಕಾಯಂ ಆದೆ, ಯಾವ ದರ್ಜೆಯಲ್ಲಿ ನಿವೃತ್ತಳಾದೆ ಎಂಬುದರಿಂದ ಅವರಿಗೇನೂ ಉಪಯೋಗವಿಲ್ಲ, ಅದನ್ನು ಬಿಡುತ್ತೇನೆ.

ನನ್ನ ತವರು ಭಾಲ್ಕಿ ತಾಲ್ಲೂಕಿನ ಖಟಕ ಚಿಂಚೋಳಿ. ಭಾಲ್ಕಿಯಲ್ಲಿ ಪಿಯುಸಿ ವಿಜ್ಞಾನ ಮುಗಿಸಿದ್ದೆ. ಸೂಕ್ಷ್ಮದರ್ಶಕವನ್ನು ದೂರದಿಂದ ನೋಡಿದ್ದೆ. ಕೇಂದ್ರಕ್ಕೆ ಹಂಗಾಮಿಯಾಗಿ ಸೇರಿದ ಮೊದಲ ದಿನ ನನ್ನ ಕೈಗೆ ಕೊಟ್ಟದ್ದು ಒಂದು ಸೇರು ಅಲಸಂದಿ. ಗುಲಗಂಜಿ ಹುಳ ಸಾಕಬೇಕಾದರೆ ಅದಕ್ಕೆ ತಿನ್ನಲು ಹೇನು ಬೇಕು, ಹೇನು ಬೇಕಾದರೆ ಅಲಸಂದಿಯ ಎಳೆ ಸಸಿ ಬೇಕು. ಹೀಗಾಗಿ ನಮ್ಮ ಅರ್ಧ ಕೆಲಸ ಒಕ್ಕಲುತನವೇ. ತಟ್ಟೆಗಳಲ್ಲಿ ಅಲಸಂದಿ ಬಿತ್ತುವುದು, ಸಸಿಗೆ ಹೇನು ಹತ್ತಿಸುವುದು, ಆ ಸಸಿ ಕತ್ತರಿಸಿ ಜಾರಿನೊಳಗಿಡುವುದು, ಜಾರಿನಲ್ಲಿ ಮಡಚಿಟ್ಟ ಕಾಗದದ ಮೇಲೆ ಹುಳ ಇಟ್ಟ ಹಳದಿ ಮೊಟ್ಟೆಗಳ ಗುಂಪನ್ನು ದಿನವೂ ತೆಗೆದು ಎಣಿಸುವುದು. ಹುಳು ದೊಡ್ಡದೇನಲ್ಲ. ಮಸೂರಿ ಬೇಳೆಯಷ್ಟು, ಕಿತ್ತಳೆ ಬೆನ್ನು, ಅದರ ಮೇಲೆ ಡೊಂಕು ಕಪ್ಪು ಗೆರೆ. ನೋಡಲು ಚಂದ. ಆದರೆ ಅದು ಬೇಟೆಯ ಪ್ರಾಣಿ ಎಂಬುದನ್ನು ನಾನು ಮೊದಲ ವರ್ಷ ಮರೆತಿದ್ದೆ.

ಮರೆತದ್ದರ ಫಲ ಹಲಬರ್ಗಾದಲ್ಲಿ ಸಿಕ್ಕಿತು. ಅಲ್ಲಿನ ರೈತರೊಬ್ಬರಿಗೆ ಒಂದು ಡಬ್ಬಿಯ ತುಂಬ ಮರಿಹುಳುಗಳನ್ನು ಬಸ್ಸಿನಲ್ಲಿ ಕಳಿಸಬೇಕಿತ್ತು. ಡಬ್ಬಿಯೊಳಗೆ ಕಾಗದದ ಚೂರುಗಳನ್ನು ಕಿಕ್ಕಿರಿಯುವಂತೆ ತುಂಬಬೇಕು, ಒಂದು ಮರಿ ಇನ್ನೊಂದಕ್ಕೆ ಎದುರಾಗಬಾರದು ಎಂದು ಹೇಳಿದ್ದರು. ಕಾಗದ ತುಂಬಿದರೆ ಮರಿಗಳಿಗೆ ಉಸಿರು ಕಟ್ಟೀತು ಎಂದು ನಾನೇ ಯೋಚಿಸಿ ಅರ್ಧ ತೆಗೆದುಬಿಟ್ಟೆ. ಬಸ್ಸು ದಾರಿಯಲ್ಲಿ ಕೆಟ್ಟು ನಿಂತು, ಡಬ್ಬಿ ತಲುಪಿದ್ದು ಮರುದಿನ. ಆ ರೈತರು ಡಬ್ಬಿ ಹಿಡಿದುಕೊಂಡು ಬೀದರಿಗೇ ಬಂದರು. ಬೈಯಲಿಲ್ಲ. ಮುಚ್ಚಳ ತೆಗೆದು ತೋರಿಸಿ ಮೆಲ್ಲಗೆ ಹೇಳಿದರು: ‘ಅಕ್ಕಾರ, ಇದರಾಗ ನಾಕೇ ಉಳಿದಾವರಿ. ನಾಕೂ ಛಲೋ ದಪ್ಪ ಆಗ್ಯಾವ.’

ಆಗ ನಮ್ಮ ಮುಖ್ಯಸ್ಥರಾಗಿದ್ದವರು ಪಾಟೀಲ ಸರ್. ನಿವೃತ್ತಿಗೆ ಒಂದೆರಡು ವರ್ಷ ಉಳಿದಿತ್ತು. ಅವರು ನನ್ನನ್ನು ಬೈಯುವ ಬದಲು, ಒಂದು ಮೊಟ್ಟೆ ಗುಂಪನ್ನು ಗಾಜಿನ ತಟ್ಟೆಯಲ್ಲಿಟ್ಟು ನನ್ನ ಮುಂದೆ ಸರಿಸಿ, ಸಂಜೆಯವರೆಗೆ ಇದನ್ನು ಬಿಟ್ಟು ಏಳಬೇಡಿ ಎಂದರು. ಅವತ್ತು ನಾನು ಕಂಡದ್ದು: ಒಡೆಯುವ ಮೊಟ್ಟೆ ಮೊದಲು ಬೂದು ಬಣ್ಣಕ್ಕೆ ತಿರುಗುತ್ತದೆ, ಮರಿ ಹೊರಬಂದ ಮೇಲೆ ತನ್ನ ಚಿಪ್ಪಿನ ಮೇಲೇ ಕೂತಿರುತ್ತದೆ, ಪಕ್ಕದಲ್ಲಿ ಒಡೆಯದ ಮೊಟ್ಟೆ ಇದ್ದರೆ ಅದನ್ನು ಹೀರುತ್ತದೆ, ಆಮೇಲಷ್ಟೇ ಕಾಲು ಕಿತ್ತು ಬೇಟೆಗೆ ಹೊರಡುತ್ತದೆ. ಕಂಡೆ, ಆದರೆ ಅದರ ಅರ್ಥ ತಿಳಿಯಲು ಇನ್ನೂ ಬಹಳ ವರ್ಷ ಹಿಡಿಯಿತು.

ಪಾಟೀಲ ಸರ್ ಹೋದ ಮೇಲೆ ಬಂದವರು ದೇಶಪಾಂಡೆ ಸರ್. ನಗುವುದಿಲ್ಲ, ಚಹಾಕ್ಕೆ ಕರೆದರೆ ಬರುವುದಿಲ್ಲ, ಕೆಲಸ ಬಿಟ್ಟು ಒಂದು ಮಾತಿಲ್ಲ. ಬಂದ ವಾರವೇ ಪ್ರತಿ ಜಾರಿಗೂ ಒಂದು ನಂಬರು ಕೊಟ್ಟು, ಎಷ್ಟು ಮೊಟ್ಟೆ, ಎಷ್ಟು ಒಡೆದವು ಎಂದು ದಿನವೂ ಬರೆಯುವ ರಿಜಿಸ್ಟರು ಮಾಡಿಸಿದರು. ಅದಕ್ಕೆ ಮೊದಲು ನಾವು ‘ಛಲೋ ಅವ’, ‘ಸುಮಾರು ಅವ’ ಎಂದು ಬಾಯಲ್ಲಿ ಹೇಳುತ್ತಿದ್ದೆವು. ಆ ರಿಜಿಸ್ಟರು ನನಗೆ ಕಾಟವೆನಿಸಿತ್ತು. ಅದಿಲ್ಲದಿದ್ದರೆ ಈ ಬರಹವೇ ಇರುತ್ತಿರಲಿಲ್ಲ ಎಂದು ಈಗ ಹೇಳಬಲ್ಲೆ.

ಜಾರಿನಲ್ಲೇ ಹುಟ್ಟಿ ಜಾರಿನಲ್ಲೇ ಸಾಯುವ ಹುಳುಗಳು ಕೆಲವು ವರ್ಷಗಳಲ್ಲಿ ಬಡವಾಗುತ್ತವೆ. ಆದ್ದರಿಂದ ಆಗಾಗ ಹೊಲದಿಂದ ಹೊಸ ಹುಳ ತರಬೇಕು. ಆ ಚಳಿಗಾಲ ನಾನು ಔರಾದ ತಾಲ್ಲೂಕಿನ ಒಂದು ಕುಸುಬಿ ಹೊಲಕ್ಕೆ ಹೋದೆ. ಹೊಲ ಸೋಜರಬಾಯಿ ಎಂಬಾಕೆಯದು. ಗಂಡ ತೀರಿಕೊಂಡು ಬಹಳ ವರ್ಷವಾಗಿತ್ತು; ಜೋಳ, ಕಡಲೆ, ಕುಸುಬಿ ಎಲ್ಲವನ್ನೂ ಆಕೆಯೇ ನಿಂತು ಮಾಡಿಸುತ್ತಿದ್ದಳು, ಜೊತೆಗೆ ಒಂದು ಕುರಿ ಹಿಂಡು. ಕನ್ನಡ ಆಡುತ್ತ ಆಡುತ್ತ ಮರಾಠಿಗೆ ಹೊರಳುವಾಕೆ. ಕುಸುಬಿಯ ಹೇನಿಗೆ ಆಕೆ ‘ಮಾವಾ’ ಎನ್ನುತ್ತಿದ್ದಳು. ನಾನು ಕುಸುಬಿಯ ಮುಳ್ಳಿನಲ್ಲಿ ಕೈ ಗೀಚಿಸಿಕೊಂಡು ಹುಳ ಹಿಡಿಯುವುದನ್ನು ನೋಡಿ, ತಲೆಯ ಮೇಲಿನ ಸೆರಗು ಬಿಚ್ಚಿ ಕೈಗೆ ಸುತ್ತಿಕೊಂಡು ತಾನೇ ನಾಲ್ಕು ಹಿಡಿದುಕೊಟ್ಟಳು. ಅವುಗಳಲ್ಲಿ ಒಂದು ಹೆಣ್ಣನ್ನು ಏಳನೇ ನಂಬರಿನ ಜಾರಿಗೆ ಹಾಕಿ, ನಮ್ಮಲ್ಲಿದ್ದ ಗಂಡು ಹುಳದ ಜೊತೆ ಬಿಟ್ಟೆ.

ಏಳನೇ ಜಾರಿನ ಮೊಟ್ಟೆಗಳು ಅರ್ಧ ಒಡೆದವು, ಅರ್ಧ ಒಡೆಯಲಿಲ್ಲ. ಮೊದಲ ಗುಂಪು ಹಾಗಾದಾಗ ನಾನು ತಲೆ ಕೆಡಿಸಿಕೊಳ್ಳಲಿಲ್ಲ. ಎರಡನೆಯದು, ಮೂರನೆಯದು, ಹತ್ತನೆಯದು ಎಲ್ಲವೂ ಹಾಗೇ. ಉಳಿದ ಜಾರುಗಳಲ್ಲಿ ಹೆಚ್ಚುಕಡಿಮೆ ಎಲ್ಲವೂ ಒಡೆಯುತ್ತಿದ್ದವು. ಆ ತಾಯಿಯ ಒಂದೆರಡು ಹೆಣ್ಣುಮಕ್ಕಳನ್ನು ಬೇರೆ ಇಟ್ಟು ಮೊಟ್ಟೆ ತೆಗೆಸಿದರೆ ಅವುಗಳದ್ದೂ ಅರ್ಧವೇ. ನೆರಳಿನಂಥ ಬೂದು ಬಣ್ಣ ಬಂದ ಮೊಟ್ಟೆಗಳ ನಡುವೆ ಹಳದಿಯಾಗಿಯೇ ಕೂತ ಮೊಟ್ಟೆಗಳು ನನ್ನ ಕಣ್ಣಿಗೆ ಹೊಲಸಿನಂತೆ ಕಾಣತೊಡಗಿದವು. ತಟ್ಟೆ ಸ್ವಚ್ಛವಾಗಿದ್ದರೆ ಮರಿಗಳಾದರೂ ಚೆನ್ನಾಗಿ ಬೆಳೆದಾವು ಎಂದು, ಯಾರೂ ಹೇಳದೆಯೇ, ಸಣ್ಣ ಕುಂಚದಿಂದ ಆ ಹಳದಿ ಮೊಟ್ಟೆಗಳನ್ನು ಎತ್ತಿ ಒಗೆಯತೊಡಗಿದೆ. ಅದು ಮುಗಿಯುವವರೆಗೆ ಆ ತಟ್ಟೆಗೆ ಹೇನನ್ನೂ ಹಾಕುತ್ತಿರಲಿಲ್ಲ. ನನ್ನ ವೃತ್ತಿಯಲ್ಲಿ ನಾನು ಮಾಡಿದ ದೊಡ್ಡ ತಪ್ಪುಗಳಲ್ಲಿ ಇದೊಂದು. ಹೊರಬಂದ ಮರಿಗಳೂ ಎರಡು ದಿನದಲ್ಲಿ ಸೊರಗಿ ಸಾಯತೊಡಗಿದವು.

ದೇಶಪಾಂಡೆ ಸರ್ ರಿಜಿಸ್ಟರು ನೋಡಿದರು. ಅದೇ ಕೋಣೆ, ಅದೇ ಅಲಸಂದಿ, ಅದೇ ಹೇನು; ಒಂದು ಜಾರು ಮಾತ್ರ ಹೀಗೆಂದರೆ ನೋಡಿಕೊಳ್ಳುವವರ ಅಲಕ್ಷ್ಯ ಎಂದು ತೀರ್ಮಾನಿಸಿ ನನಗೆ ಮೆಮೊ ಕೊಟ್ಟರು. ಮೂರು ದಿನದಲ್ಲಿ ಉತ್ತರ ಕೊಡಬೇಕು. ಅದೇ ತಿಂಗಳು ನನ್ನ ಹಂಗಾಮಿ ನೌಕರಿ ಮುಂದುವರಿಸುವ ಕಾಗದಕ್ಕೆ ಅವರು ಸಹಿ ಹಾಕಬೇಕಿತ್ತು. ಸಹಿ ಇಲ್ಲವೆಂದರೆ ಮನೆಗೆ. ಮೆಮೊ ಕೈಗೆ ಕೊಡುತ್ತ ಅವರು ಹೇಳಿದ ಮಾತು ನನಗೆ ಕಾಗದಕ್ಕಿಂತ ಹೆಚ್ಚು ಚುಚ್ಚಿತು: ‘ಪ್ರೇಮಲಾಬಾಯಿ, ನಿಮ್ಮ ಕೈಯಾಗೇ ಏನೋ ದೋಷ ಅದ ನೋಡ್ರಿ.’

ಮನೆಗೆ ಬಂದು ಉತ್ತರ ಬರೆಯಲು ಕೂತೆ. ಕ್ಷಮೆ ಕೇಳಿ ಎರಡು ಸಾಲು ಬರೆದರೆ ಸಹಿ ಬೀಳುತ್ತದೆ ಎಂದು ಜೊತೆಯವರು ಹೇಳಿದ್ದರು. ಬರೆದೆ, ಹರಿದೆ. ಆರು ಜಾರು ನನ್ನ ಕೈಯಲ್ಲೇ ಚೆನ್ನಾಗಿರುವಾಗ ಏಳನೆಯದಕ್ಕೆ ನನ್ನ ಕೈ ಹೇಗೆ ಕೆಟ್ಟಿತು? ಮರುದಿನ ಬೆಳಿಗ್ಗೆ ಏಳನೇ ಜಾರನ್ನು ಎತ್ತಿಕೊಂಡು ಅವರ ಕೋಣೆಗೆ ಹೋಗಿ ಮೇಜಿನ ಮೇಲಿಟ್ಟೆ.

‘ಸರ್, ಒಂದು ತಿಂಗಳ ಇದನ್ನ ನೀವೇ ನೋಡ್ರಿ. ನಿಮ್ಮ ಕೈಯಾಗ ಎಲ್ಲಾ ಒಡದ್ರ ನಾನೇ ನೌಕರಿ ಬಿಟ್ಟು ಹೋಗ್ತೇನಿ.’

ಅವರು ನನ್ನನ್ನು ನೋಡಿದರು, ಜಾರನ್ನು ನೋಡಿದರು. ‘ಇಟ್ಟು ಹೋಗ್ರಿ’ ಎಂದರು.

ಇವರ ಬಗ್ಗೆ ನಾನು ಏನೇ ದೂರಿದ್ದರೂ, ಆ ತಿಂಗಳು ಅವರು ಮಾಡಿದ್ದನ್ನು ಬೇರೆ ಯಾವ ಮೇಲಧಿಕಾರಿಯೂ ಮಾಡುತ್ತಿರಲಿಲ್ಲ. ದಿನಾ ಬೆಳಿಗ್ಗೆ ನಮಗಿಂತ ಮೊದಲು ಬಂದು, ಅಲಸಂದಿ ತಾವೇ ಕತ್ತರಿಸಿ, ಕಾಗದ ತಾವೇ ಬದಲಿಸಿ, ಮೊಟ್ಟೆ ತಾವೇ ಎಣಿಸಿದರು. ರವಿವಾರವೂ ಬಂದರು. ತಿಂಗಳು ಮುಗಿದ ದಿನ ನನ್ನನ್ನು ಕರೆಯದೆ, ರಿಜಿಸ್ಟರನ್ನು ನನ್ನ ಮೇಜಿನ ಮೇಲೆ ತೆರೆದಿಟ್ಟು ಹೋದರು. ಏಳನೇ ಜಾರಿನ ಲೆಕ್ಕದ ಕೆಳಗೆ ಅವರ ಅಕ್ಷರದಲ್ಲಿ ‘ನನ್ನ ಕೈಯಲ್ಲೂ ಹೀಗೇ’ ಎಂದಿತ್ತು. ಪಕ್ಕದಲ್ಲಿ ನನ್ನ ಮುಂದುವರಿಕೆಯ ಕಾಗದ, ಸಹಿಯೊಂದಿಗೆ.

ಅವರು ಮೊಟ್ಟೆಗಳನ್ನು ಎತ್ತಿ ಒಗೆದಿರಲಿಲ್ಲ. ಆ ಕುಂಚದ ಕೆಲಸ ಅವರಿಗೆ ಗೊತ್ತೇ ಇರಲಿಲ್ಲ. ಅವರ ಮರಿಗಳು ದಷ್ಟಪುಷ್ಟವಾಗಿದ್ದವು. ನನ್ನ ತಪ್ಪು ನನಗೆ ಹೊಳೆದದ್ದು ಆಗ. ಅವರಿಗೆ ಹೇಳಿದೆ. ಅದನ್ನೂ ರಿಜಿಸ್ಟರಿನಲ್ಲಿ ಬರೆಯಿರಿ ಎಂದರು.

ಆ ಮರಿಗಳು ಬೆಳೆದು ಹುಳುಗಳಾದ ಮೇಲೆ ಇನ್ನೊಂದು ಸಂಗತಿ ನನ್ನ ಕಣ್ಣಿಗೆ ಬಿತ್ತು. ಅವುಗಳನ್ನು ಜೋಡಿ ಮಾಡಿಡಲು ಕೂತರೆ ಒಂದೂ ಗಂಡು ಸಿಗುತ್ತಿಲ್ಲ. ಗಂಡು ತುಸು ಸಣ್ಣದು. ಹೊಟ್ಟೆಯ ಕೊನೆಯ ಪಟ್ಟಿ ಲೆನ್ಸಿನಡಿ ಬೇರೆಯಾಗಿ ಕಾಣುತ್ತದೆ. ಎಲ್ಲವನ್ನೂ ಒಂದೊಂದಾಗಿ ತಿರುಗಿಸಿ ನೋಡಿದೆ. ಎಲ್ಲವೂ ಹೆಣ್ಣು. ದೇಶಪಾಂಡೆ ಸರ್ ನಂಬದೆ ತಾವೂ ಕೂತು ನೋಡಿದರು. ಎಲ್ಲವೂ ಹೆಣ್ಣೇ. ಹಾಗಾದರೆ ಒಡೆಯದೆ ಉಳಿಯುತ್ತಿದ್ದ ಅರ್ಧ ಮೊಟ್ಟೆಗಳು ಗಂಡುಗಳು. ಇಲ್ಲಿಯವರೆಗೆ ನಾವಿಬ್ಬರೇ ಬಂದೆವು. ಯಾಕೆ ಎಂಬುದು ನಮಗಿಬ್ಬರಿಗೂ ತಿಳಿಯಲಿಲ್ಲ. ಏಳನೇ ಜಾರಿನ ಹೆಣ್ಣುಗಳಿಗೆ ಬೇರೆ ಜಾರಿನಿಂದ ಗಂಡು ತಂದು ಬಿಡುತ್ತ ಆ ಸಂತತಿಯನ್ನು ಕೆಲವು ವರ್ಷ ಹಾಗೇ ನಡೆಸಿಕೊಂಡು ಬಂದೆವು. ನಡುವೆ ನಾನು ಕಾಯಂ ಆದೆ.

ಉತ್ತರ ಬಂದದ್ದು ಆಯೇಶಾ ಮೇಡಂ ಅವರಿಂದ. ಬೀದರಿನ ಹಳೇ ಊರಿನ ಹುಡುಗಿ. ಮನೆಯಲ್ಲಿ ದಖನಿ ಉರ್ದು, ನಮ್ಮ ಜೊತೆ ಅಚ್ಚ ಬೀದರ ಕನ್ನಡ. ಹೊರಗೆ ಓದಿ, ಕೀಟವಿಜ್ಞಾನಿಯಾಗಿ ನಮ್ಮ ಕೇಂದ್ರಕ್ಕೇ ಬಂದಿದ್ದರು. ನನಗಿಂತ ಇಪ್ಪತ್ತು ವರ್ಷ ಚಿಕ್ಕವರು, ನನ್ನನ್ನು ಅಕ್ಕಾ ಎಂದೇ ಕರೆಯುತ್ತಿದ್ದರು. ಬಂದ ಮೊದಲ ವಾರ ಹಳೆಯ ರಿಜಿಸ್ಟರುಗಳನ್ನು ತಿರುವುತ್ತಿದ್ದವರು ಏಳನೇ ಜಾರಿನ ಪುಟಗಳಲ್ಲಿ ನಿಂತರು. ನನ್ನನ್ನು ಕರೆದು, ಪಕ್ಕದಲ್ಲಿ ಕೂರಿಸಿಕೊಂಡು, ಹೀಗೆ ಹೇಳಿದರು:

‘ಅಕ್ಕಾ, ಈ ತಾಯಿ ಹುಳದ ಮೈಯಾಗ ಒಂದು ಬ್ಯಾಕ್ಟೀರಿಯಾ ಇರ್ತದ. ತಾಯಿಯಿಂದ ಮೊಟ್ಟಿಗಿ ಹೋಗ್ತದ, ಮೊಟ್ಟಿಯಿಂದ ಮಗಳಿಗಿ. ಮಗನ ಮೈಯಾಗ ಹೋದ್ರ ಅದರ ದಾರಿ ಅಲ್ಲಿಗೇ ಬಂದ್. ಗಂಡಿನಿಂದ ಮುಂದಿನ ಮೊಟ್ಟಿಗಿ ಹೋಗೂದು ಅದಕ್ಕ ಆಗಲ್ಲ. ಅದಕ್ಕ ಗಂಡು ಆಗೂ ಮೊಟ್ಟಿ ಒಳಗೇ ಕೊಂದುಬಿಡ್ತದ.’

‘ಕೊಂದು ಅದಕ್ಕೇನು ಸಿಗ್ತದ್ರಿ ಮೇಡಂ?’

‘ಅದಕ್ಕಲ್ಲ, ಅಕ್ಕ-ತಂಗೀರಿಗಿ ಸಿಗ್ತದ. ಹುಟ್ಟಿದ ಕೂಡಲೇ ಊಟ. ಆ ಅಕ್ಕ-ತಂಗೀರ ಮೈಯಾಗೂ ಅದೇ ಬ್ಯಾಕ್ಟೀರಿಯಾ ಅದಲ್ಲ. ಅವು ಬದುಕಿದ್ರ ಅದೂ ಬದುಕ್ತದ.’

ಪಾಟೀಲ ಸರ್ ಮುಂದಿಟ್ಟ ತಟ್ಟೆಯಲ್ಲಿ ನಾನು ನೋಡಿದ್ದು, ಕುಂಚದಿಂದ ತಿಂಗಳುಗಟ್ಟಲೆ ಒಗೆದದ್ದು ಎಲ್ಲ ಒಂದಕ್ಕೊಂದು ಕೂಡಿಬಂತು. ಹೊಲದಲ್ಲಿ ಹುಟ್ಟಿದ ಮರಿಗೆ ಮೊದಲ ಹೇನು ಸಿಗುವುದೇ ಕಷ್ಟ. ತನಗಿಂತ ದೊಡ್ಡ ಹೇನನ್ನು ಹಿಡಿಯಲಾಗದೆ, ಸಣ್ಣದು ಕಾಣದೆ, ಮೊದಲ ದಿನವೇ ಬಹಳಷ್ಟು ಸಾಯುತ್ತವೆ. ಈ ಮರಿಗಳಿಗೆ ಬುತ್ತಿ ಕಟ್ಟಿಕೊಟ್ಟಿದ್ದು ಕಣ್ಣಿಗೆ ಕಾಣದ ಒಂದು ಅಣುಜೀವಿ, ಅದೂ ಅವುಗಳ ಅಣ್ಣತಮ್ಮಂದಿರನ್ನು ಕೊಂದು. ಇದನ್ನು ಒಳ್ಳೆಯದು ಎನ್ನಬೇಕೋ ಕೆಟ್ಟದ್ದು ಎನ್ನಬೇಕೋ ಎಂದು ಹೊಸಬರು ಈಗಲೂ ಕೇಳುತ್ತಾರೆ. ಹುಳದ ವಿಷಯದಲ್ಲಿ ಆ ಎರಡು ಶಬ್ದಗಳನ್ನು ನಾನು ಅವತ್ತೇ ಬಿಟ್ಟೆ. ಯಾರಿಂದ ಯಾರಿಗೆ ಏನು ಹೋಯಿತು ಎಂದಷ್ಟೇ ನೋಡುವುದು ನಮ್ಮ ಕೆಲಸ.

ಹೇಳಿದ್ದು ನಿಜವೇ ಎಂದು ನೋಡಲು ಮೇಡಂ ಸರಳವಾದ ಪರೀಕ್ಷೆ ಮಾಡಿದರು. ಮನುಷ್ಯರು ನುಂಗುವ ಟೆಟ್ರಾಸೈಕ್ಲಿನ್ ಔಷಧವನ್ನು ಜೇನುನೀರಿನಲ್ಲಿ ಒಂದಿಷ್ಟು ಕಲಸಿ ಏಳನೇ ಸಂತತಿಯ ಅರ್ಧ ಹೆಣ್ಣುಗಳಿಗೆ ಕುಡಿಸಿದೆವು. ಉಳಿದರ್ಧಕ್ಕೆ ಬರೀ ಜೇನುನೀರು. ಔಷಧ ಕುಡಿದವುಗಳ ಮೊಟ್ಟೆಗಳು ದಿನ ಕಳೆದಂತೆ ಹೆಚ್ಚು ಹೆಚ್ಚು ಒಡೆಯತೊಡಗಿದವು, ಕೊನೆಗೆ ಎಲ್ಲವೂ. ಆ ಮರಿಗಳು ಬೆಳೆದಾಗ ಅವುಗಳಲ್ಲಿ ಗಂಡುಗಳಿದ್ದವು. ಔರಾದದಿಂದ ತಂದ ಆ ತಾಯಿಯ ಸಂತತಿಯಲ್ಲಿ ನಾನು ಕಂಡ ಮೊದಲ ಗಂಡು ಹುಳವನ್ನು ಅಂಗೈ ಮೇಲೆ ಬಿಟ್ಟುಕೊಂಡು ದೇಶಪಾಂಡೆ ಸರ್ ಕೋಣೆಗೆ ಒಯ್ದು ತೋರಿಸಿದೆ. ಅವರು ಲೆನ್ಸು ಹಿಡಿದು ನೋಡಿ, ತಲೆಯಾಡಿಸಿ, ತಿಂಗಳ ಕೊನೆಯೊಳಗೆ ಏಳನೇ ಸಂತತಿಗೆಲ್ಲ ಔಷಧ ಕುಡಿಸಿ ರೋಗ ತೆಗೆಯಿರಿ ಎಂದು ಆದೇಶ ಮಾಡಿದರು. ಅರ್ಧ ಮೊಟ್ಟೆ ಸಾಯುವ ತಳಿಯನ್ನು ಸರ್ಕಾರಿ ಅಲಸಂದಿ ಹಾಕಿ ಸಾಕುವುದರಲ್ಲಿ ಅರ್ಥವಿಲ್ಲ ಎಂಬುದು ಅವರ ವಾದ. ತಪ್ಪು ವಾದವಲ್ಲ.

ನಾವಿಬ್ಬರೂ ಹೆಂಗಸರು ಒಂದು ಹಂಗಾಮು ಅವಕಾಶ ಕೇಳಿದೆವು. ಹೊಲದಲ್ಲಿ ಹೇನು ಕಡಿಮೆ ಇರುವಾಗ, ಹುಟ್ಟಿದ ಕೂಡಲೇ ಹೊಟ್ಟೆ ತುಂಬಿದ ಮರಿ ಹೆಚ್ಚು ಬದುಕೀತೇ ಎಂದು ನೋಡಬೇಕಿತ್ತು. ಬದುಕಿದರೆ ಆ ಬ್ಯಾಕ್ಟೀರಿಯಾ ನಮಗೂ ಕೆಲಸಕ್ಕೆ ಬರುವುದೇ. ಹೇನು ಹೆಚ್ಚಾದ ಮೇಲೆ ಹುಳ ಬಿಡುವವರು ಎಲ್ಲ ಕಡೆ ಇದ್ದಾರೆ. ಹೆಚ್ಚಾಗುವ ಮೊದಲೇ ಬಿಟ್ಟು ತಡೆಯುವುದು ಯಾರಿಗೂ ಸಾಧ್ಯವಾಗಿರಲಿಲ್ಲ. ಸರ್ ಬಹಳ ಹೊತ್ತು ಯೋಚಿಸಿ, ಒಂದೇ ಹಂಗಾಮು ಎಂದರು.

ಹೊಲ ಸೋಜರಬಾಯಿಯದೇ. ಚಳಿ ಶುರುವಾಗಿ ಕುಸುಬಿಗೆ ಹೇನು ಆಗಷ್ಟೇ ಹತ್ತುತ್ತಿತ್ತು. ಹೊಲದ ಎರಡು ಬದಿಯನ್ನು ಬೇರೆ ಮಾಡಿ, ನಡುವೆ ಜೋಳದ ಸಾಲು ಇರುವಂತೆ ನೋಡಿ, ಒಂದು ಬದಿಗೆ ಔಷಧ ಕುಡಿದ ಸಂತತಿಯ ಮೊಟ್ಟೆ ಕಾಗದ, ಇನ್ನೊಂದು ಬದಿಗೆ ಏಳನೆಯದರ ಮೊಟ್ಟೆ ಕಾಗದ ಎಲೆಗೆ ಸಿಕ್ಕಿಸಿದೆವು. ಏಳನೆಯದರಲ್ಲಿ ಅರ್ಧವೇ ಒಡೆಯುವುದರಿಂದ ಆ ಬದಿಗೆ ಎರಡರಷ್ಟು ಕಾಗದ. ಮರಿಗಳ ಲೆಕ್ಕ ಸಮ ಇರಬೇಕಲ್ಲ. ನಾನು ಏನು ಮಾಡುತ್ತಿದ್ದೇನೆ ಎಂದು ಸೋಜರಬಾಯಿ ಕೇಳಿದಳು. ಹೇಳಿದೆ. ಆಕೆ ಕುರಿಗಳತ್ತ ನೋಡುತ್ತ, ‘ಹೆಣ್ಣೇ ಇರವಲ್ಲವಕ, ಮಾವಾ ತಿಂದ್ರ ಆಯ್ತು’ ಎಂದಳು. ಅಂದರೆ, ಎಲ್ಲ ಹೆಣ್ಣೇ ಆಗಿದ್ದರೂ ಇರಲಿ, ಹೇನು ತಿಂದರೆ ಸಾಕು. ನಮ್ಮ ಪ್ರಯೋಗದ ಉದ್ದೇಶವನ್ನು ಇದಕ್ಕಿಂತ ಚಿಕ್ಕದಾಗಿ ಯಾರೂ ಬರೆಯಲಾರರು.

ಆಮೇಲೆ ಎರಡು ವಾರ ನಾನು ದಿನ ಬಿಟ್ಟು ದಿನ ಬೀದರಿನಿಂದ ಔರಾದಕ್ಕೆ ಬಸ್ಸಿನಲ್ಲಿ ಹೋಗಿ ಗಿಡ ಗಿಡ ಎಣಿಸಿದೆ. ಮೊದಲ ವಾರ ಎರಡು ಬದಿಗೂ ವ್ಯತ್ಯಾಸ ಕಾಣಲಿಲ್ಲ. ಆಯೇಶಾ ಮೇಡಂ ಫೋನಿನಲ್ಲಿ ದನಿ ಇಳಿಸಿದ್ದರು. ನಾನು ಇಳಿಸಲಿಲ್ಲ, ಮರಿ ಚಿಕ್ಕದಿರುವಾಗ ಎಲೆಯ ಕೆಳಗೆ ಅಡಗಿರುತ್ತದೆ, ಎಣಿಕೆಗೆ ಸಿಗುವುದಿಲ್ಲ ಎಂದು ನನಗೆ ಗೊತ್ತಿತ್ತು. ಎರಡನೇ ವಾರ ಮರಿಗಳು ದೊಡ್ಡವಾಗಿ ಹೊರಬಂದಾಗ ಏಳನೆಯದರ ಬದಿಯಲ್ಲಿ ಎಷ್ಟಿದ್ದವೋ ಔಷಧ ಕುಡಿದದ್ದರ ಬದಿಯಲ್ಲಿ ಅದರ ಅರ್ಧವೂ ಇರಲಿಲ್ಲ. ಏಳನೆಯ ಬದಿಯ ಕುಸುಬಿ ಹೂವಿಗೆ ಬರುವವರೆಗೂ ಸ್ವಚ್ಛವಾಗಿತ್ತು. ಇನ್ನೊಂದು ಬದಿಯಲ್ಲಿ ಹೇನು ಏರಿ ಎಲೆಗಳು ಜಿಗಿ ಹಿಡಿದು ಕಪ್ಪಾದವು; ಅಲ್ಲಿ ನಾವು ಮತ್ತೆ ಹುಳ ಬಿಡಬೇಕಾಯಿತು.

ಮರುವರ್ಷ ಹೇನು ಬೇಗನೆ ದಂಡಿಯಾಗಿ ಬಂದಾಗ ಎರಡು ಸಂತತಿಗೂ ಏನೂ ವ್ಯತ್ಯಾಸ ಕಾಣಲಿಲ್ಲ ಎಂಬುದನ್ನೂ ಹೇಳಲೇಬೇಕು. ತಿನ್ನಲು ಬೇಕಾದಷ್ಟಿದ್ದಾಗ ಬುತ್ತಿಯ ಹಂಗಿಲ್ಲ. ಆದ್ದರಿಂದ ಎರಡನ್ನೂ ಇಟ್ಟುಕೊಂಡೆವು: ಹಂಗಾಮಿನ ಮೊದಲಿಗೆ ಏಳನೆಯದು, ಹೇನು ಹೆಚ್ಚಾದ ಮೇಲೆ ಔಷಧ ಕುಡಿದದ್ದು. ದೇಶಪಾಂಡೆ ಸರ್ ತಮ್ಮ ಆದೇಶವನ್ನು ತಾವೇ ಹಿಂತೆಗೆದುಕೊಂಡರು.

ಇಷ್ಟರವರೆಗೆ ನಾನು ನೆಟ್ಟಗಿದ್ದೆ. ಇನ್ನು ಹೇಳುವುದು ನನ್ನ ಎರಡನೇ ದೊಡ್ಡ ತಪ್ಪು. ಏಳನೇ ಸಂತತಿ ನನ್ನದು ಎಂಬ ಭಾವ ನನಗೆ ಗೊತ್ತಾಗದಂತೆ ಬಂದುಬಿಟ್ಟಿತ್ತು. ಅದನ್ನು ಬೇರೆಯವರು ಮುಟ್ಟುವುದು ನನಗೆ ಸರಿಬರುತ್ತಿರಲಿಲ್ಲ. ಅದಕ್ಕೆ ಏನು ಬೇಕು, ಏನು ಬೇಡ ಎಂದು ಯಾರಿಗೂ ಹೇಳಿಕೊಡಲಿಲ್ಲ, ಎಲ್ಲೂ ಬರೆದಿಡಲಿಲ್ಲ. ಒಂದು ಬೇಸಿಗೆ ಅಕ್ಕನ ಮಗಳ ನಿಶ್ಚಿತಾರ್ಥಕ್ಕೆ ಭಾಲ್ಕಿಗೆ ಹೋಗಿ ಐದು ದಿನ ಉಳಿದೆ. ಎರಡನೇ ದಿನ ಕೇಂದ್ರದ ಕೂಲರಿನ ಮೋಟರು ಸುಟ್ಟುಹೋಯಿತು. ಬೀದರಿನ ಮೇ ತಿಂಗಳು. ಉಳಿದವರು ಓಡಾಡಿ ಜಾರುಗಳನ್ನೆಲ್ಲ ಕೆಳಗಿನ ತಂಪು ಕೋಣೆಗೆ ಸಾಗಿಸಿದರು. ಏಳನೆಯವು ನನ್ನ ಕಪಾಟಿನ ಮೇಲಿನ ಅರೆಯಲ್ಲಿ, ಬಾಗಿಲು ಹಾಕಿದಂತೆಯೇ ಉಳಿದವು. ಪ್ರೇಮಲಾಬಾಯಿಯ ಕಪಾಟು ತೆರೆದರೆ ಸಿಟ್ಟಾಗುತ್ತಾರೆ ಎಂದು ಯಾರೂ ತೆರೆಯಲಿಲ್ಲ.

ನಾನು ಬಂದಾಗ ಹುಳುಗಳು ಸೊರಗಿದ್ದವು, ಆದರೆ ಬದುಕಿದ್ದವು. ನೀರು ಚಿಮುಕಿಸಿ, ಹೇನು ಕೊಟ್ಟು ಸುಧಾರಿಸಿದೆ. ಒಂದು ವಾರದ ಮೇಲೆ ಮೊಟ್ಟೆಗಳು ಒಡೆದವು. ಎಲ್ಲವೂ ಒಡೆದವು. ಹೊಸದಾಗಿ ಸೇರಿದ್ದ ಸಹಾಯಕಿ ಖುಷಿಯಿಂದ ತಟ್ಟೆ ತಂದು ತೋರಿಸಿದಳು, ಒಂದೂ ಹಳದಿ ಉಳಿದಿಲ್ಲ ಎಂದು. ಬಿಸಿಲಿನ ಧಗೆಗೆ ಹುಳ ಬದುಕಿತ್ತು, ಒಳಗಿದ್ದ ಬ್ಯಾಕ್ಟೀರಿಯಾ ಸತ್ತಿತ್ತು. ಇಂಥದ್ದು ಆಗಬಹುದು ಎಂದು ಆಯೇಶಾ ಮೇಡಂ ಹಿಂದೆ ಒಮ್ಮೆ ಹೇಳಿದ್ದರು. ನಾನು ಕೇಳಿ ಬಿಟ್ಟಿದ್ದೆ. ತಿಂಗಳೊಳಗೆ ಏಳನೇ ಜಾರಿನಲ್ಲಿ ಗಂಡುಗಳು ಓಡಾಡತೊಡಗಿದವು. ಅಷ್ಟು ವರ್ಷದ ಸಂತತಿ ಅಲ್ಲಿಗೆ ಮುಗಿಯಿತು.

ಮೋಟರಿನ ಮೇಲೆ ಹಾಕಬಹುದಿತ್ತು. ಹಾಕಲಿಲ್ಲ. ಏಳನೇ ಸಂತತಿಯ ವಿಷಯ ಯಾರಿಗೂ ತಿಳಿಸದೆ ಇಟ್ಟದ್ದು, ಬೇರೆ ಕಡೆ ಒಂದು ಜಾರು ಕಾಪಿಡದೆ ಹೋದದ್ದು ನನ್ನ ತಪ್ಪು ಎಂದು ಬರೆದು ಸಹಿ ಹಾಕಿ ಕೊಟ್ಟೆ. ದೇಶಪಾಂಡೆ ಸರ್ ಓದಿ ಫೈಲಿಗೆ ಹಾಕಿದರು. ಅದು ಈಗಲೂ ನನ್ನ ಸೇವಾ ದಾಖಲೆಯಲ್ಲಿದೆ. ನನಗೆ ಅದರ ನಾಚಿಕೆಯಿಲ್ಲ. ಆದರೆ ಕೆಲಸವನ್ನು ತಮ್ಮೊಬ್ಬರ ಕೈಯಲ್ಲೇ ಇಟ್ಟುಕೊಳ್ಳುವವರನ್ನು ಕಂಡರೆ ನನಗೆ ಈಗಲೂ ಭಯವಾಗುತ್ತದೆ, ಅವರೆಷ್ಟೇ ಜಾಣರಿರಲಿ.

ಚಳಿಗಾಲಕ್ಕೆ ಕಾದೆವು. ದೇಶಪಾಂಡೆ ಸರ್ ನಿವೃತ್ತಿಗೆ ಎರಡೇ ತಿಂಗಳು ಉಳಿದಿತ್ತು. ಅಷ್ಟರಲ್ಲಿ ತಾವೇ ಹೊಲಕ್ಕೆ ಬರುತ್ತೇನೆ ಎಂದರು. ಔರಾದಕ್ಕೆ ನಾವು ಮೂವರೂ ಹೋದೆವು. ಹೊಲದಲ್ಲಿ ಗುಲಗಂಜಿ ಹುಳ ಸಾಕಷ್ಟಿದ್ದವು, ಆದರೆ ಯಾವುದರ ಮೈಯಲ್ಲಿ ಅದು ಇದೆ ಎಂದು ಹೊರಗಿನಿಂದ ನೋಡಿ ಹೇಳಲು ಬರುವುದಿಲ್ಲ. ಒಂದೊಂದು ಹೆಣ್ಣನ್ನು ಒಂದೊಂದು ಗಾಜಿನ ನಳಿಗೆಗೆ ಹಾಕಿ ತಂದು, ಮೊಟ್ಟೆ ಇಡಿಸಿ, ಕಾದು ನೋಡಬೇಕು. ಈಗ ಯಂತ್ರದಲ್ಲಿ ಪರೀಕ್ಷೆಯಾಗುತ್ತದೆ. ಆಗಲೂ ಮೇಡಂ ಒಂದಿಷ್ಟು ಮಾದರಿ ಹೊರಗೆ ಕಳಿಸುತ್ತಿದ್ದರು, ಫಲಿತಾಂಶಕ್ಕೆ ತಿಂಗಳುಗಟ್ಟಲೆ ಹಿಡಿಯುತ್ತಿತ್ತು. ಸರ್ ಬಳಿ ಅಷ್ಟು ಸಮಯವಿರಲಿಲ್ಲ. ಮೊದಲ ಸಲ ತಂದ ಹುಳುಗಳ ಮೊಟ್ಟೆಗಳೆಲ್ಲ ಪೂರ್ತಿ ಒಡೆದವು. ಎರಡನೇ ಸಲ ಅಕ್ಕಪಕ್ಕದ ಹೊಲಗಳಿಗೂ ಹೋದೆವು. ಅವೂ ಪೂರ್ತಿ ಒಡೆದವು. ಆಯೇಶಾ ಮೇಡಂ ಆಸೆ ಬಿಟ್ಟಂತಿತ್ತು. ಅರವತ್ತು ತುಂಬುತ್ತಿದ್ದ ದೇಶಪಾಂಡೆ ಸರ್ ಮೂರನೇ ಸಲ ಕುಸುಬಿಯ ಮುಳ್ಳಿನಲ್ಲಿ ಬಗ್ಗಿ ನಿಂತು ಹುಳ ಹಿಡಿದರು. ಅಂಗಿಯ ತೋಳೆಲ್ಲ ಎಳೆ ಎಳೆ ಬಿಟ್ಟಿತ್ತು. ಆ ದಿನ ಅವರು ಔರಾದದಿಂದ ಬೀದರಿನವರೆಗೆ ನಳಿಗೆಗಳ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡೇ ಬಂದರು.

ಅವುಗಳಲ್ಲಿ ಒಂದು ನಳಿಗೆಯ ಮೊಟ್ಟೆಗಳು ಬೂದು ಬಣ್ಣಕ್ಕೆ ತಿರುಗುತ್ತಿದ್ದಾಗ ನಾನು ನೋಡುತ್ತಿದ್ದೆ. ಕೆಲವು ತಿರುಗಿದವು, ಕೆಲವು ಹಳದಿಯಾಗಿಯೇ ಉಳಿದವು. ಒಂದು ಗುಂಪಿನಿಂದ ಏನೂ ಹೇಳಲಾಗದು ಎಂದು ನನಗೇ ಹೇಳಿಕೊಂಡು ಎರಡನೇ ಗುಂಪಿಗೆ ಕಾದೆ. ಅದೂ ಹಾಗೇ. ಮೂರನೆಯದೂ ಹಾಗೇ ಆದ ಬೆಳಿಗ್ಗೆ ಸರ್ ಅವರನ್ನು ಕರೆದೆ. ಅವರ ಬೀಳ್ಕೊಡುಗೆಗೆ ಅಂದಿಗೆ ನಾಲ್ಕು ದಿನವಿತ್ತು. ಅವರು ಕುರ್ಚಿ ಎಳೆದುಕೊಂಡು, ಕನ್ನಡಕ ಹಣೆಗೇರಿಸಿ, ಲೆನ್ಸಿಗೆ ಕಣ್ಣಿಟ್ಟು ಬಹಳ ಹೊತ್ತು ನೋಡಿದರು. ಹೊರಬಂದ ಮರಿಗಳು ಹಳದಿ ಮೊಟ್ಟೆಗಳ ಮೇಲೆ ಬಾಯಿಟ್ಟು ಕೂತಿದ್ದವು. ನಾನೂ ಆಯೇಶಾ ಮೇಡಂ ಅವರೂ ಅವರ ಮುಖ ನೋಡುತ್ತ ನಿಂತಿದ್ದೆವು.

ಅವರು ತಲೆ ಎತ್ತಿದರು. ಮುಖದಲ್ಲಿ ಏನೂ ಬದಲಾಗಲಿಲ್ಲ.

‘ಪ್ರೇಮಲಾಬಾಯಿ, ಹೆಣ್ಣು ಬಾಳ ಅವ ಮನಿಯಾಗ. ಈಗಿಂದೇ ವರ ಹುಡುಕಲಾಕ ಹತ್ರಿ.’

ಅಷ್ಟು ವರ್ಷಗಳಲ್ಲಿ ಅವರು ಮಾಡಿದ ತಮಾಷೆ ಅದೊಂದೇ. ಆಮೇಲೆ ನಾನು ಹೊಸ ಸಹಾಯಕಿಯನ್ನು ಕರೆದು, ಆ ನಳಿಗೆಗಳನ್ನು ಹೇಗೆ ನೋಡಿಕೊಳ್ಳಬೇಕೆಂದು ಮೊದಲಿನಿಂದ ಹೇಳಿಕೊಡತೊಡಗಿದೆ. ಅವಳು ಬರೆದುಕೊಂಡಳು.